ಹಾಸನದಲ್ಲಿದ್ದುಕೊಂಡೇ ಪತ್ರಿಕೆಗಳಿಗೆ ಬರೆಯುವುದು: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಆಲೂರಿನ ಕಡೆಯ ತೋಟವೊಂದಕ್ಕೆ ರಾತ್ರಿ ಕಾಡಾನೆ ನುಗ್ಗಿದರೆ, ಬೆಳಗಿನ ಕಾಫಿ ಹೊತ್ತಿಗೆ ಸುದ್ದಿ ಎಲ್ಲ ಪತ್ರಿಕೆಗಳಿಗೂ ಮುಟ್ಟಿರುತ್ತದೆ. ದೊಡ್ಡ ಪತ್ರಿಕೆಗಳಿಗೆ ಹಾಸನದಲ್ಲಿ ಜಿಲ್ಲಾ ವರದಿಗಾರರಿದ್ದಾರೆ, ತಾಲ್ಲೂಕುಗಳಲ್ಲಿ ಅರೆಕಾಲಿಕ ವರದಿಗಾರರಿದ್ದಾರೆ, ಅವರೆಲ್ಲರ ಫೋನಿನಲ್ಲಿ ಅರಣ್ಯ ಇಲಾಖೆಯವರ, ಪೊಲೀಸರ, ಊರಿನ ಹತ್ತಾರು ಜನರ ನಂಬರುಗಳಿವೆ. ಅವರ ಜೊತೆ ಓಟಕ್ಕೆ ಇಳಿದು ಹೊಸಬರು ಗೆಲ್ಲುವುದು ಕಷ್ಟ, ಗೆಲ್ಲಬೇಕಾಗಿಯೂ ಇಲ್ಲ. ಅದೇ ತೋಟದವರಿಗೆ ಹೋದ ವರ್ಷದ ಬೆಳೆ ಪರಿಹಾರ ಬಂತೇ, ಅರ್ಜಿ ಯಾವ ಮೇಜಿನ ಮೇಲೆ ನಿಂತಿದೆ, ಆ ಊರಿನಲ್ಲಿ ಎಷ್ಟು ಜನ ಭತ್ತದ ನಾಟಿಯನ್ನೇ ಬಿಟ್ಟರು ಎಂದು ತಿಳಿಯಲು ಹತ್ತು ದಿನ ತಿರುಗಬೇಕು. ದಿನದ ಸುದ್ದಿ ಬರೆಯುವವರಿಗೆ ಆ ಹತ್ತು ದಿನ ಸಿಗುವುದಿಲ್ಲ. ಯಾವ ಪತ್ರಿಕೆಯ ನೌಕರರೂ ಅಲ್ಲದ ಫ್ರೀಲಾನ್ಸ್ ಬರಹಗಾರರ ಕೈಯಲ್ಲಿರುವ ಬಂಡವಾಳ ಆ ಹತ್ತು ದಿನ, ಮತ್ತು ತಮ್ಮ ಊರು.

ಹಾಗಾಗಿ ಇಲ್ಲಿ ಹೇಳುವ ದಾರಿ ದಿನದ ಸುದ್ದಿಯದ್ದಲ್ಲ, ನುಡಿಚಿತ್ರ (ಫೀಚರ್) ಮತ್ತು ತನಿಖೆಯ ಬರಹದ್ದು. ನಿಮ್ಮ ತಾಲ್ಲೂಕಿನ ಒಂದು ಸಂಗತಿಯನ್ನು ಸ್ಥಳಕ್ಕೆ ಹೋಗಿ, ದಾಖಲೆ ನೋಡಿ, ಬೇರೆಯವರಿಗಿಂತ ಚೆನ್ನಾಗಿ ತಿಳಿದುಕೊಂಡು ಬರೆಯುವುದು. ಪತ್ರಿಕೋದ್ಯಮದ ಡಿಗ್ರಿ ಇದ್ದರೆ ಅನುಕೂಲ. ಇಲ್ಲದಿದ್ದರೂ ಯಾವ ಪುರವಣಿಯ ಸಂಪಾದಕರೂ ಸರ್ಟಿಫಿಕೇಟ್ ಕೇಳುವುದಿಲ್ಲ, ಬರಹ ಕೇಳುತ್ತಾರೆ.

ಮೊದಲ ತಿಂಗಳು: ಓದುವುದು, ಎಣಿಸುವುದು

ಬರೆಯುವ ಮೊದಲು ಒಂದು ತಿಂಗಳು ಎರಡು ಪತ್ರಿಕೆ ಮತ್ತು ಒಂದು ವಾರಪತ್ರಿಕೆಯನ್ನು ಬರಹಗಾರರ ಕಣ್ಣಿನಿಂದ ಓದಿ. ಮನೆಗೆ ಅಷ್ಟೂ ತರಿಸಬೇಕಿಲ್ಲ, ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲೋ ಹೋಬಳಿಯ ಗ್ರಂಥಾಲಯದಲ್ಲೋ ಹಳೆಯ ಸಂಚಿಕೆಗಳೂ ಸಿಗುತ್ತವೆ. ನಿಮಗೆ ಹಿಡಿಸಿದ 10 ಲೇಖನಗಳನ್ನು ಆಯ್ದು, ಪ್ರತಿಯೊಂದರ ಪಕ್ಕದಲ್ಲಿ ಈ ಲೆಕ್ಕ ಬರೆಯಿರಿ: ಒಟ್ಟು ಎಷ್ಟು ಪದ, ಎಷ್ಟು ಪ್ಯಾರಾ, ಎಷ್ಟು ಜನರ ಹೆಸರಿನಲ್ಲಿ ಮಾತು ಬಂದಿದೆ, ಎಷ್ಟು ಅಂಕಿಅಂಶವಿದೆ, ಅವು ಎಲ್ಲಿಂದ ಬಂದವು, ಮೊದಲ ವಾಕ್ಯ ಎಲ್ಲಿಂದ ಶುರುವಾಗಿದೆ.

ಈ ಎಣಿಕೆ ಬೇಸರದ ಕೆಲಸ ಎನಿಸಬಹುದು. ಆದರೆ ಪುರವಣಿಯಲ್ಲಿ 500ರಿಂದ 700 ಪದಕ್ಕೆ ಜಾಗವಿರುವಾಗ 2,000 ಪದ ಕಳಿಸುವ ತಪ್ಪು ಇದರಿಂದ ತಪ್ಪುತ್ತದೆ. ಅಷ್ಟುದ್ದದ ಬರಹವನ್ನು ಕತ್ತರಿಸಲು ಉಪಸಂಪಾದಕರಿಗೆ ಒಂದು ಗಂಟೆ ಬೇಕು. ಆ ಒಂದು ಗಂಟೆ ಅವರ ಬಳಿ ಇಲ್ಲದ್ದರಿಂದಲೇ ಎಷ್ಟೋ ಒಳ್ಳೆಯ ಬರಹಗಳು ಓದಿಸಿಕೊಳ್ಳದೆ ಹೋಗುತ್ತವೆ.

ಇದೇ ತಿಂಗಳಲ್ಲಿ ವಾಚಕರ ಪತ್ರಗಳ ಅಂಕಣಕ್ಕೆ ನಾಲ್ಕು ಪತ್ರ ಬರೆಯಿರಿ, ಒಂದೊಂದೂ 100 ಪದ ಮೀರದಂತೆ. ಹೇಳಬೇಕಾದ್ದನ್ನು ಅಷ್ಟರಲ್ಲಿ ಹೇಳುವುದು ಒಳ್ಳೆಯ ಅಭ್ಯಾಸ. ಅಚ್ಚಾದಾಗ ನಿಮ್ಮ ಪ್ರತಿಯ ಪಕ್ಕ ಅಚ್ಚಾದದ್ದನ್ನು ಇಟ್ಟು ನೋಡಿ. ಡೆಸ್ಕಿನವರು, ಅಂದರೆ ಬರಹ ತಿದ್ದುವ ಉಪಸಂಪಾದಕರು, ಯಾವ ಪದ ತೆಗೆದರು, ಯಾವ ವಾಕ್ಯ ಮುಂದೆ ತಂದರು ಎಂಬುದು ಉಚಿತವಾಗಿ ಸಿಗುವ ಪಾಠ.

ವಿಷಯ ಸಾಲದು, ಪ್ರಶ್ನೆ ಬೇಕು

"ಹಾಸನದ ಆಲೂಗೆಡ್ಡೆ" ಒಂದು ವಿಷಯ. ಅದನ್ನಿಟ್ಟುಕೊಂಡು ಹೊರಟರೆ ಯಾರನ್ನು ಕೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯದೆ ಬರಹ ಪ್ರಬಂಧವಾಗುತ್ತದೆ. "ಆಲೂಗೆಡ್ಡೆ ಬೆಳೆಯುತ್ತಿದ್ದ ಹೊಲಗಳು ಮುಸುಕಿನ ಜೋಳಕ್ಕೆ ಏಕೆ ಹೊರಳಿದವು?" ಎಂಬುದು ಪ್ರಶ್ನೆ. ಈ ಪ್ರಶ್ನೆಯೇ ನಿಮ್ಮನ್ನು ಯಾರ್ಯಾರ ಬಳಿ ಕಳಿಸಬೇಕೋ ಕಳಿಸುತ್ತದೆ. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಹಾಸನದ ಎಪಿಎಂಸಿಗೆ ಬರುತ್ತದೆ, ಅಂದರೆ ವರ್ತಕರನ್ನು ಕಾಣಬೇಕು. ಮೋಡ ಮುಸುಕಿ ಜಡಿಮಳೆ ಹಿಡಿದರೆ ಅಂಗಮಾರಿ ರೋಗ ಹೊಲವನ್ನೇ ಸುಟ್ಟಂತೆ ಮಾಡುತ್ತದೆ, ಅಂದರೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಾರೆಕೆರೆಯ ಕೃಷಿ ಕಾಲೇಜಿಗೋ ಹೋಗಬೇಕು. ಎಷ್ಟು ಪ್ರದೇಶದಲ್ಲಿ ಬಿತ್ತನೆಯಾಯಿತು ಎಂಬ ಲೆಕ್ಕ ತೋಟಗಾರಿಕೆ ಇಲಾಖೆಯಲ್ಲಿದೆ. ಇವೆಲ್ಲಕ್ಕಿಂತ ಮೊದಲು, ಬೆಳೆ ಬಿಟ್ಟವರನ್ನೂ ಬಿಡದವರನ್ನೂ ಹೊಲದಲ್ಲಿ ಕಾಣಬೇಕು. ಬಿಡದವರನ್ನು ಮರೆಯುವ ಬರಹಗಾರರು ಬಹಳ. ಎಲ್ಲರೂ ಬಿಟ್ಟಾಗಲೂ ಒಬ್ಬರು ಏಕೆ ಬಿಡಲಿಲ್ಲ ಎನ್ನುವುದರಲ್ಲೇ ಅನೇಕ ಸಲ ಬರಹದ ತಿರುಳಿರುತ್ತದೆ.

ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿಡಿ. ಬರೆಯಲು ಆಗದಿದ್ದರೆ ಇನ್ನೂ ಹೊರಡುವ ಹೊತ್ತಾಗಿಲ್ಲ.

ಕಾಲದ ಲೆಕ್ಕವೂ ಮುಖ್ಯ. ಬಿತ್ತನೆ ಗೆಡ್ಡೆಯ ಬರಹ ಮೇ ತಿಂಗಳಿಗೆ ಸರಿ, ಸೆಪ್ಟೆಂಬರಿಗೆ ಹಳಸಲು. ಕಾಫಿ ಹೂ ಅರಳಿಸುವ ಹೂಮಳೆಯ ಬರಹ ಫೆಬ್ರುವರಿ, ಮಾರ್ಚಿಗೆ. ಶಿರಾಡಿ ಘಾಟಿಯ ಗುಡ್ಡ ಕುಸಿತದ ಬಗ್ಗೆ ಬರೆಯುವುದಿದ್ದರೆ ಮಳೆ ಹಿಡಿಯುವ ಮೊದಲೇ, ಮೇ ಕೊನೆಯಲ್ಲಿ ಕಳಿಸಿ. ಹಾಸನಾಂಬೆಯ ಗುಡಿ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ತೆಗೆಯುತ್ತದೆ. ಬಾಗಿಲು ತೆಗೆದ ದಿನ ಲೇಖನ ಕಳಿಸಿದರೆ ಪುಟ ಅದಾಗಲೇ ತುಂಬಿರುತ್ತದೆ. ವಾರದ ಪುರವಣಿಗೆ ಮೂರರಿಂದ ನಾಲ್ಕು ವಾರ, ಮಾಸಪತ್ರಿಕೆಗೆ ಎರಡರಿಂದ ಮೂರು ತಿಂಗಳು ಮುಂಚೆ ಎಂದು ಲೆಕ್ಕ ಹಾಕಿಕೊಳ್ಳಿ.

ಬೇಲೂರು, ಹಳೇಬೀಡಿನ ಶಿಲ್ಪಕಲೆಯ ಬಗ್ಗೆ ಬರೆಯುವ ಆಸೆ ಎಲ್ಲ ಹೊಸಬರಿಗೂ ಇರುತ್ತದೆ. ಅದರ ಬಗ್ಗೆ ಬಂದಷ್ಟು ಬರಹ ಜಿಲ್ಲೆಯ ಬೇರಾವುದರ ಬಗ್ಗೆಯೂ ಬಂದಿರಲಿಕ್ಕಿಲ್ಲ. ಬರೆಯಲೇಬೇಕೆಂದಿದ್ದರೆ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಗುಡಿಯ ಸುತ್ತ ಬದುಕುವವರಿಗೆ ಏನಾಯಿತು ಎಂದು ಕೇಳಿ. ಗೈಡ್, ಹೂ ಮಾರುವವರು, ಮನೆ ರಿಪೇರಿಗೆ ಅನುಮತಿ ಕೇಳಿ ಅಲೆಯುವವರು, ಇವರ ಮಾತು ಕಲ್ಲಿನ ವರ್ಣನೆಗಿಂತ ಹೊಸದು.

ಸಲಕರಣೆ

ಹೆಚ್ಚೇನೂ ಬೇಡ. ಜೇಬಿಗೆ ಹಿಡಿಯುವ ನೋಟ್‌ಬುಕ್, ಎರಡು ಪೆನ್ನು, ಒಂದು ಪೆನ್ಸಿಲ್. ಸಕಲೇಶಪುರದ ಜುಲೈ ಮಳೆಯಲ್ಲಿ ಶಾಯಿ ಕಲಸಿಹೋಗುತ್ತದೆ, ಪೆನ್ಸಿಲ್ಲಿನ ಬರಹ ಉಳಿಯುತ್ತದೆ. ಫೋನಿನಲ್ಲಿ ರೆಕಾರ್ಡರ್ ಇದ್ದೇ ಇರುತ್ತದೆ. ಘಟ್ಟದ ಕಡೆ ಹೋಗುವಾಗ ಪವರ್ ಬ್ಯಾಂಕ್ ಮರೆಯಬೇಡಿ.

ಟೈಪಿಂಗ್ ಕಲಿಯಲು ಮೂರು ವಾರ ಕೊಡಿ, ದಿನಕ್ಕೆ ಅರ್ಧ ಗಂಟೆ. 'ನುಡಿ' ತಂತ್ರಾಂಶದ ಕೀಲಿಮಣೆ ವಿನ್ಯಾಸ ಕಲಿತರೆ ಬಹುತೇಕ ಕಡೆ ಸಾಕು. ಯಾವ ತಂತ್ರಾಂಶ ಬಳಸಿದರೂ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಪಿಡಿಎಫ್ ಕಳಿಸಬೇಡಿ, ಅದರಿಂದ ಕನ್ನಡ ಪಠ್ಯ ತೆಗೆದರೆ ಒತ್ತಕ್ಷರಗಳು ಚದುರುತ್ತವೆ. ಫೋನಿಗೆ ಮಾತಾಡಿ ಟೈಪ್ ಮಾಡಿಸುವುದು ವೇಗ, ಆದರೆ ಊರಿನ ಹೆಸರು, ಮನೆತನದ ಹೆಸರುಗಳನ್ನು ಅದು ತನಗೆ ತೋಚಿದಂತೆ ಬರೆಯುತ್ತದೆ. ಒಂದೊಂದನ್ನೂ ತಿದ್ದಬೇಕು.

ಸ್ಥಳದಲ್ಲಿ

ನೀವು ಯಾರು ಎಂಬುದನ್ನು ಮೊದಲೇ, ನಿಜವಾಗಿ ಹೇಳಿ: "ನಾನು ಪತ್ರಿಕೆಗಳಿಗೆ ಬರೀತೀನಿ. ಯಾವ ಪತ್ರಿಕೆಯ ನೌಕರನೂ ಅಲ್ಲ. ನೀವು ಹೇಳಿದ್ದನ್ನ ನಿಮ್ಮ ಹೆಸರು ಹಾಕಿ ಬರೀಬಹುದಾ?" ಯಾವುದೋ ಪತ್ರಿಕೆಯ ವರದಿಗಾರ ಎಂದು ಹೇಳಿಕೊಂಡು, ಆ ಪತ್ರಿಕೆಗೆ ಫೋನ್ ಹೋದರೆ ಅಲ್ಲಿಗೆ ನಿಮ್ಮ ದಾರಿ ಮುಚ್ಚಿತು.

ಹಳ್ಳಿಯಲ್ಲಿ ಅಣ್ಣ, ಅಕ್ಕ, ಅವ್ವ, ಅಜ್ಜ ಎಂದೇ ಮಾತು ಶುರುವಾಗುತ್ತದೆ, ಕಚೇರಿಯಲ್ಲಿ ಸರ್, ಮೇಡಂ. ನೋಟ್‌ಬುಕ್ಕನ್ನು ತಕ್ಷಣ ತೆಗೆಯಬೇಡಿ. ಮಳೆ, ಬೆಳೆ, ದನಕರು ವಿಚಾರಿಸಿ, ಕೊಟ್ಟ ಕಾಫಿ ಕುಡಿದು, ಆಮೇಲೆ "ಬರ್ಕೊಳ್ಳಲಾ?" ಎಂದು ಕೇಳಿ. ರೆಕಾರ್ಡ್ ಮಾಡುವುದಾದರೆ ಅದಕ್ಕೂ ಒಪ್ಪಿಗೆ ಕೇಳಿ. ರೆಕಾರ್ಡಿಂಗ್ ಇದೆ ಎಂದು ಬರೆದುಕೊಳ್ಳುವುದನ್ನು ನಿಲ್ಲಿಸಿದವರು, ಗಾಳಿಯ ಸದ್ದಿನಲ್ಲಿ ಮಾತು ಕೇಳಿಸದೆ ಮತ್ತೆ ಅದೇ ಊರಿಗೆ ಬಸ್ಸು ಹಿಡಿಯುತ್ತಾರೆ.

"ನಿಮಗೆ ಕಷ್ಟ ಆಯ್ತಾ?" ಎಂದು ಕೇಳಿದರೆ "ಹ್ಞೂಂ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಬರೆಯಲಾಗುವುದಿಲ್ಲ. "ರೋಗ ಬಿದ್ದಿದ್ದು ಮೊದಲು ಯಾವ ದಿನ ಕಣ್ಣಿಗೆ ಬಿತ್ತು? ಆವತ್ತು ಏನು ಮಾಡಿದ್ರಿ? ಔಷಧಿ ಎಲ್ಲಿಂದ ತಂದ್ರಿ, ಎಷ್ಟು ಸಲ ಹೊಡೆದ್ರಿ?" ಎಂದು ಕೇಳಿ. ದಿನ, ಜಾಗ, ಎಣಿಕೆ ಕೇಳಿದಾಗ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಉತ್ತರ ಮುಗಿದ ಮೇಲೆ ನಾಲ್ಕೈದು ಸೆಕೆಂಡ್ ಸುಮ್ಮನಿರಿ. ಮುಖ್ಯವಾದ ಮಾತು ಎಷ್ಟೋ ಸಲ ಆ ಮೌನದ ನಂತರ ಬರುತ್ತದೆ.

ಹೊರಡುವ ಮುನ್ನ ಪ್ರತಿಯೊಬ್ಬರಿಂದಲೂ ಇಷ್ಟು ಕೇಳಿ ಬರೆದುಕೊಳ್ಳಿ: ಇನಿಷಿಯಲ್ ಸಮೇತ ಪೂರ್ತಿ ಹೆಸರು, ವಯಸ್ಸು, ಊರು, ಹೋಬಳಿ, ತಾಲ್ಲೂಕು, ಫೋನ್ ನಂಬರ್. ಹೋಬಳಿಯನ್ನು ಬಿಡಬೇಡಿ. ಹೊಸಹಳ್ಳಿ ಎನ್ನುವ ಹೆಸರಿನ ಊರು ಜಿಲ್ಲೆಗೆ ಒಂದೇ ಅಲ್ಲ. 600 ಪದದ ಬರಹಕ್ಕೆ ಕನಿಷ್ಠ ಐದು ಜನರ ಮಾತು ಬೇಕು, ಅವರಲ್ಲಿ ಒಬ್ಬರಾದರೂ ಉಳಿದವರ ಮಾತನ್ನು ಒಪ್ಪದವರಾಗಿರಬೇಕು. ಅಚ್ಚಾಗುವುದು ಎರಡು ಮೂರು ಜನರ ಮಾತೇ ಆದರೂ, ಉಳಿದವರಿಂದ ನಿಮ್ಮ ತಿಳಿವಳಿಕೆ ನೇರವಾಗುತ್ತದೆ. ಹೆಂಗಸರನ್ನು ಕೇಳದೆ ಬರಬೇಡಿ. ಮನೆಯ ಗಂಡಸರು ಜಗಲಿಯಲ್ಲಿ ಉತ್ತರ ಹೇಳುತ್ತಿರುವಾಗ, ಹೊಲದ ಆಳಿನ ಲೆಕ್ಕ, ಕೂಲಿಯ ಲೆಕ್ಕ, ಸಂಘದ ಸಾಲದ ಕಂತು ಎಲ್ಲ ಒಳಗಿದ್ದವರ ತಲೆಯಲ್ಲಿರುತ್ತದೆ.

ಆನೆ ಓಡಾಡುವ ಕಡೆ ಬೆಳಗಿನ ಜಾವ, ಸಂಜೆ ಒಬ್ಬರೇ ಹೋಗಬೇಡಿ. ಅರಣ್ಯ ಇಲಾಖೆಯ ಸಿಬ್ಬಂದಿಯನ್ನು ಕೇಳಿಕೊಂಡೇ ಹೋಗಿ. ಹಿಂಡಿನ ಫೋಟೊಕ್ಕಾಗಿ ಹತ್ತಿರ ಹೋಗುವುದು ಯಾವ ಬರಹಕ್ಕೂ ಬೇಕಿಲ್ಲ.

ಅಳತೆಯಲ್ಲಿ ಎಡವುವುದು

ಹೊಸಬರ ಬರಹದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ.

ರೈತರು ಎಕರೆ, ಗುಂಟೆ ಎನ್ನುತ್ತಾರೆ. ಇಲಾಖೆಯ ಕಾಗದದಲ್ಲಿ ಹೆಕ್ಟೇರ್ ಇರುತ್ತದೆ. 40 ಗುಂಟೆಗೆ 1 ಎಕರೆ, 1 ಹೆಕ್ಟೇರ್‌ಗೆ 2.47 ಎಕರೆ. ಎರಡನ್ನೂ ಬೆರೆಸಿದರೆ ನಷ್ಟ ಎರಡೂವರೆ ಪಟ್ಟು ಹೆಚ್ಚೋ ಕಡಿಮೆಯೋ ಆಗಿಬಿಡುತ್ತದೆ. ಬರಹದ ಉದ್ದಕ್ಕೂ ಒಂದೇ ಅಳತೆ ಇಟ್ಟುಕೊಳ್ಳಿ. ಓದುಗರಿಗೆ ಎಕರೆಯೇ ಹತ್ತಿರ.

ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟ್ಸ್‌ನಲ್ಲಿ ಹೇಳುತ್ತಾರೆ. ಸರ್ಕಾರದ ಮಳೆ ವರದಿ ಮಿಲಿಮೀಟರಿನಲ್ಲಿ ಬರುತ್ತದೆ. 1 ಇಂಚಿಗೆ 100 ಸೆಂಟ್ಸ್, ಅಂದರೆ 25.4 ಮಿ.ಮೀ. ತೋಟದವರು "ಒಂದೂವರೆ ಇಂಚು" ಎಂದರೆ 38 ಮಿ.ಮೀ. ಆಸುಪಾಸು.

ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ, ಸಂಗ್ರಹ ಸಾಮರ್ಥ್ಯ 37.10 ಟಿಎಂಸಿ. ಮಟ್ಟ 2,912 ಅಡಿಗೆ ಬಂದಾಗ ಭಾಗಾಕಾರ ಮಾಡಿ "ಅಣೆಕಟ್ಟೆ ಶೇ 99 ತುಂಬಿದೆ" ಎಂದು ಬರೆದರೆ ದೊಡ್ಡ ತಪ್ಪು. ಆ ಅಡಿಗಳು ಸಮುದ್ರ ಮಟ್ಟದಿಂದ ಎಣಿಸಿದವು, ಅಣೆಕಟ್ಟೆಯ ತಳದಿಂದಲ್ಲ. ಜೊತೆಗೆ ಜಲಾಶಯ ಮೇಲೆ ಹೋದಷ್ಟೂ ಅಗಲವಾಗುವುದರಿಂದ ಮೇಲಿನ ಹತ್ತು ಅಡಿಯಲ್ಲಿ ಕೆಳಗಿನ ಹತ್ತು ಅಡಿಗಿಂತ ಬಹಳ ಹೆಚ್ಚು ನೀರು ಹಿಡಿಯುತ್ತದೆ. ಎಷ್ಟು ತುಂಬಿದೆ ಎಂದು ಹೇಳಬೇಕಾದರೆ ಟಿಎಂಸಿಯ ಲೆಕ್ಕವನ್ನೇ ಕೇಳಿ ಪಡೆಯಿರಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ; ಸುಮಾರು 11,574 ಕ್ಯುಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ ಆಗುತ್ತದೆ.

ಜನಸಂಖ್ಯೆ ಬರೆಯುವಾಗ ವರ್ಷ ಹೇಳದೆ ಬರೆಯಬೇಡಿ. ಹಾಸನ ಜಿಲ್ಲೆಯಲ್ಲಿ 17,76,421 ಜನ ಎಂಬುದು 2011ರ ಜನಗಣತಿಯ ಲೆಕ್ಕ, ಇವತ್ತಿನದ್ದಲ್ಲ. ಮಾರುಕಟ್ಟೆ ದರ ಬರೆಯುವಾಗ ದಿನಾಂಕ, ಮಾರುಕಟ್ಟೆ, ಕ್ವಿಂಟಲ್ಲಿಗೋ ಚೀಲಕ್ಕೋ ಎಂಬ ಮೂರೂ ಇರಬೇಕು. ಎಪಿಎಂಸಿಗಳ ದೈನಂದಿನ ದರ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಸಿಗುತ್ತದೆ. ಅರಸೀಕೆರೆಯ ಕೊಬ್ಬರಿ ದರಕ್ಕೂ ಅದನ್ನೇ ನೋಡಿ, ಮಂಡಿಯಲ್ಲಿ ಕೇಳಿದ ದರದ ಜೊತೆ ಹೋಲಿಸಿ. ವ್ಯತ್ಯಾಸ ಕಂಡರೆ ಅದೇ ಇನ್ನೊಂದು ಪ್ರಶ್ನೆ.

ದಾಖಲೆ ಪಡೆಯುವುದು

ಬಾಯಿಮಾತಿಗೆ ಕಾಗದದ ಆಸರೆ ಸಿಕ್ಕಿದರೆ ಬರಹದ ತೂಕವೇ ಬೇರೆ. ಎಷ್ಟೋ ಕಾಗದಗಳಿಗೆ ಅರ್ಜಿಯೇ ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 4(1)(ಬಿ) ಪ್ರಕಾರ ಪ್ರತಿ ಕಚೇರಿಯೂ ತನ್ನ ಕೆಲಸ, ಬಜೆಟ್, ಫಲಾನುಭವಿಗಳ ವಿವರವನ್ನು ತಾನಾಗಿಯೇ ಪ್ರಕಟಿಸಿರಬೇಕು. ಪಂಚಾಯಿತಿಯ ಗ್ರಾಮಸಭೆಗೆ, ಜಮಾಬಂದಿಗೆ (ಪಂಚಾಯಿತಿಯ ಲೆಕ್ಕಪತ್ರವನ್ನು ಊರವರ ಮುಂದೆ ಪರಿಶೀಲಿಸುವ ಸಭೆ) ಹೋಗಿ ಕೂತರೆ ಖರ್ಚಿನ ಪಟ್ಟಿ ಗಟ್ಟಿಯಾಗಿ ಓದಿದ್ದೇ ಕಿವಿಗೆ ಬೀಳುತ್ತದೆ.

ಸಿಗದ್ದಕ್ಕೆ ಇದೇ ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿ. ಕರ್ನಾಟಕದಲ್ಲಿ ನಮೂನೆ 'ಎ'ಯಲ್ಲಿ ಅರ್ಜಿ, ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಲಗತ್ತಿಸಬಹುದು, ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನಕಲಿಗೆ ಪುಟಕ್ಕೆ 2 ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅಥವಾ ಬಂದದ್ದು ಅರೆಬರೆಯಾಗಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಅರ್ಜಿ ಸೋಲುವುದು ಹೆಚ್ಚಾಗಿ ಕೇಳುವ ರೀತಿಯಲ್ಲಿ. "ಕಾಡಾನೆ ಪರಿಹಾರ ಏಕೆ ಕೊಟ್ಟಿಲ್ಲ?" ಎಂದರೆ ವಿವರಣೆ ಕೊಡಲು ಅವಕಾಶವಿಲ್ಲ ಎಂಬ ಹಿಂಬರಹ ಬರುತ್ತದೆ. ಕಾಯ್ದೆ ಕೊಡಿಸುವುದು ಕಡತದಲ್ಲಿರುವ ಮಾಹಿತಿಯನ್ನು, ಅಭಿಪ್ರಾಯವನ್ನಲ್ಲ. "2023-24 ಮತ್ತು 2024-25ನೇ ಸಾಲಿನಲ್ಲಿ ಸಕಲೇಶಪುರ ವಲಯದಲ್ಲಿ ಕಾಡಾನೆಯಿಂದ ಬೆಳೆ ಹಾನಿ ಕುರಿತು ಬಂದ ಅರ್ಜಿಗಳ ಸಂಖ್ಯೆ, ಪರಿಹಾರ ಮಂಜೂರಾದ ಅರ್ಜಿಗಳ ಸಂಖ್ಯೆ, ಪಾವತಿಸಿದ ಮೊತ್ತ, ಬಾಕಿ ಇರುವ ಅರ್ಜಿಗಳ ಸಂಖ್ಯೆ, ಈ ವಿವರವಿರುವ ವಹಿಯ ದೃಢೀಕೃತ ನಕಲು" ಎಂದು ಕೇಳಿ. ಒಂದು ತಿಂಗಳು ಕಾಯಬೇಕಾದ್ದರಿಂದ, ಬರಹ ಶುರುಮಾಡುವ ಬಹಳ ಮೊದಲೇ ಅರ್ಜಿ ಹಾಕಿಬಿಡಿ.

ಬರೆಯುವುದು

ಎಲ್ಲ ಟಿಪ್ಪಣಿಯನ್ನೂ ಒಮ್ಮೆ ಓದಿ, ನೋಟ್‌ಬುಕ್ ಮುಚ್ಚಿ, ಗೆಳೆಯರೊಬ್ಬರಿಗೆ ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಿ. ನೀವು ಮೊದಲು ಹೇಳಿದ್ದು ಏನೋ, ಹೆಚ್ಚಿನ ಸಲ ಬರಹದ ಆರಂಭ ಅದೇ.

ಮಾದರಿಗಾಗಿ ಕಟ್ಟಿದ ಎರಡು ಆರಂಭಗಳನ್ನು ನೋಡಿ. ಮೊದಲನೆಯದು: "ಬಡವರ ಊಟಿ ಎಂದೇ ಖ್ಯಾತಿ ಪಡೆದಿರುವ ಹಾಸನ ಜಿಲ್ಲೆಯಲ್ಲಿ ಆಲೂಗೆಡ್ಡೆಯು ಪ್ರಮುಖ ಬೆಳೆಯಾಗಿದ್ದು, ಇತ್ತೀಚಿನ ದಿನಗಳಲ್ಲಿ ರೋಗಬಾಧೆಯಿಂದಾಗಿ ರೈತರು ಸಂಕಷ್ಟಕ್ಕೆ ಸಿಲುಕಿದ್ದಾರೆ." ಎರಡನೆಯದು: "ಮೂರು ಎಕರೆ ಹೊಲದ ರೈತ ಒಂದೇ ಎಕರೆಗಾಗುವಷ್ಟು ಗೆಡ್ಡೆ ಕಟ್ಟಿಸಿಕೊಂಡು ಎಪಿಎಂಸಿ ಗೇಟು ದಾಟಿದರು. ಉಳಿದ ಎರಡಕ್ಕೆ ಜೋಳ ಎಂದು ಮನೆಯಲ್ಲೇ ತೀರ್ಮಾನವಾಗಿತ್ತು. 'ಗೆಡ್ಡೆ ಹಾಕಿ ಮೋಡ ನೋಡ್ಕಂಡು ಕೂರಕ್ಕಾಗಲ್ಲ' ಎಂದರು." ಮೊದಲನೆಯದನ್ನು ಬೆಂಗಳೂರಿನಲ್ಲಿ ಕೂತೂ ಬರೆಯಬಹುದು. ಎರಡನೆಯದಕ್ಕೆ ಎಪಿಎಂಸಿಗೆ ಹೋಗಿರಲೇಬೇಕು. ಸಂಪಾದಕರು ಹುಡುಕುವುದು ಎರಡನೆಯದನ್ನು.

ಆರಂಭದ ನಂತರ, ಮೂರನೇ ಪ್ಯಾರಾದ ಒಳಗೆ, ಈ ಬರಹ ಯಾವುದರ ಬಗ್ಗೆ, ಈಗ ಏಕೆ ಎಂಬುದು ತಿಳಿಯಬೇಕು. ಆಮೇಲೆ ಕಾರಣಗಳು, ಅಂಕಿಅಂಶ, ಒಪ್ಪದವರ ಮಾತು, ಇಲಾಖೆಯ ಉತ್ತರ. ಪ್ಯಾರಾ 40ರಿಂದ 60 ಪದ ಇರಲಿ. ಪತ್ರಿಕೆಯ ಕಿರಿದಾದ ಕಾಲಂನಲ್ಲಿ 120 ಪದದ ಪ್ಯಾರಾ ಗೋಡೆಯಂತೆ ಕಾಣುತ್ತದೆ.

ನಮ್ಮ ಪತ್ರಿಕಾ ಕನ್ನಡಕ್ಕೆ ಅಂಟಿದ ದೊಡ್ಡ ರೋಗ 'ಲಾಗಿದೆ'. "ಮಾಡಲಾಗಿದೆ, ತಿಳಿಸಲಾಗಿದೆ, ಆರೋಪಿಸಲಾಗಿದೆ" ಎಂದಾಗಲೆಲ್ಲ ಯಾರು ಮಾಡಿದರು, ಯಾರು ತಿಳಿಸಿದರು ಎಂಬುದು ಮರೆಯಾಗುತ್ತದೆ. ಬರಹ ಮುಗಿದ ಮೇಲೆ 'ಲಾಗಿದೆ', 'ಲಾಯಿತು' ಹುಡುಕಿ, ಒಂದೊಂದಕ್ಕೂ ಕರ್ತೃವನ್ನು ಕೂರಿಸಿ. ಹೆಸರು ಸಿಗದ ಕಡೆ ನಿಮ್ಮ ಕೆಲಸ ಬಾಕಿ ಇದೆ ಎಂದರ್ಥ. "ಸಾರ್ವಜನಿಕರು ಆಗ್ರಹಿಸಿದ್ದಾರೆ" ಎಂಬುದೂ ಇದೇ ಜಾತಿಯದ್ದು. 'ಆಗಿದ್ದು, ಹೊಂದಿದ್ದು, ನಡೆಸುತ್ತಿದ್ದು' ಎಂದು ಮೂರು ವಾಕ್ಯವನ್ನು ಒಂದಕ್ಕೊಂದು ಗಂಟು ಹಾಕುವ ಬದಲು ಮೂರೂ ಕಡೆ ಪೂರ್ಣವಿರಾಮ ಇಡಿ. 'ವಿಜೃಂಭಣೆಯಿಂದ', 'ಅದ್ದೂರಿಯಾಗಿ' ತೆಗೆದು, ಎಷ್ಟು ಜನ ಸೇರಿದ್ದರು ಎಂದು ಹೇಳಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಶಾಸಕರಿಗೆ, ಅಧಿಕಾರಿಗಳಿಗೆ 'ಅವರು' ಎಂದು ಬರೆಯುವ ಕೈ, ಕೂಲಿಯವರ ವಿಷಯಕ್ಕೆ ಬಂದಾಗ 'ಆಕೆ', 'ಆತ' ಎಂದು ಇಳಿಯುತ್ತದೆ. ಬಹುತೇಕ ಇದು ಗೊತ್ತಿಲ್ಲದೇ ಆಗುವುದು. ಎಲ್ಲರಿಗೂ 'ಅವರು' ಬಳಸಿ, ಬಂಧಿತರಿಗೂ. ಊರಿನವರ ಮಾತನ್ನು ಉಲ್ಲೇಖಿಸುವಾಗ ಅವರ ನುಡಿಯನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಹಾಗೆಂದು ನಗೆಗೀಡಾಗುವಂತೆ ಉಚ್ಚಾರದ ಪ್ರತಿ ತಿರುವನ್ನೂ ಬರೆಯುವುದೂ ಬೇಡ.

ಕಾಗುಣಿತಕ್ಕೆ ನಿಘಂಟು ಪಕ್ಕದಲ್ಲಿರಲಿ. ವಿದ್ಯಾರ್ಥಿ (ವಿಧ್ಯಾರ್ಥಿ ಅಲ್ಲ), ಅಭಿವೃದ್ಧಿ (ಅಭಿವೃದ್ದಿ ಅಲ್ಲ), ಶುಭಾಶಯ (ಶುಭಾಷಯ ಅಲ್ಲ), ಉಚ್ಚಾಟನೆ (ಉಚ್ಛಾಟನೆ ಅಲ್ಲ). ಮೊದಲ ಪ್ಯಾರಾದಲ್ಲೇ ಇಂಥ ಎರಡು ತಪ್ಪು ಕಂಡರೆ ಅಂಕಿಅಂಶದ ಮೇಲೂ ನಂಬಿಕೆ ಕುಸಿಯುತ್ತದೆ.

ಕೊನೆಗೆ ಪ್ರತಿಯನ್ನು ಕಾಗದದ ಮೇಲೆ ತೆಗೆದು ಪ್ರತಿ ಹೆಸರು, ಸಂಖ್ಯೆ, ದಿನಾಂಕದ ಕೆಳಗೆ ಗೆರೆ ಎಳೆಯಿರಿ. ಟಿಪ್ಪಣಿಯಲ್ಲಿ ಅಥವಾ ದಾಖಲೆಯಲ್ಲಿ ಕಣ್ಣಾರೆ ಕಂಡ ಮೇಲೆ ಮಾತ್ರ ಗುರುತು ಹಾಕಿ. ಮಾತಾಡಿದವರಿಗೆ ಫೋನ್ ಮಾಡಿ ಅವರ ಮಾತು, ಅವರ ಲೆಕ್ಕ ಓದಿ ಹೇಳಿ. ಪೂರ್ತಿ ಬರಹವನ್ನು ಕಳಿಸಬೇಡಿ. ಕಳಿಸಿದರೆ ಉಳಿದವರ ಮಾತನ್ನೂ ತಿದ್ದಲು ಹೊರಡುತ್ತಾರೆ. ಯಾರ ಮೇಲೆ ಆರೋಪವಿದೆಯೋ ಅವರ ಉತ್ತರ ಕೇಳದೆ ಯಾವ ಬರಹವೂ ಮುಗಿದಿಲ್ಲ. ಫೋನ್ ಎತ್ತದಿದ್ದರೆ ಮೆಸೇಜು ಅಥವಾ ಪತ್ರ ಕಳಿಸಿ, ಸಮಯ ಕೊಟ್ಟು, ಕಳಿಸಿದ ದಿನಾಂಕವನ್ನು ಬರಹದಲ್ಲಿ ಹೇಳಿ.

ಫೋಟೊ

ಮೂರು ಸಾಕು: ಜಾಗ ಪೂರ್ತಿ ಕಾಣುವ ಒಂದು, ಕೆಲಸದಲ್ಲಿರುವ ಜನರ ಒಂದು, ಹತ್ತಿರದಿಂದ ಒಂದು. ಫೋನನ್ನು ಅಡ್ಡ ಹಿಡಿದು ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದರೆ ಚಿತ್ರದ ಗಾತ್ರ ಕುಗ್ಗಿ ಮುದ್ರಣಕ್ಕೆ ಬಾರದಂತಾಗುತ್ತದೆ. ಮೇಲ್‌ನಲ್ಲಿ ಲಗತ್ತಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಎಡದಿಂದ ಯಾರ್ಯಾರು, ಎಲ್ಲಿ, ಯಾವಾಗ ಎಂಬ ಅಡಿಬರಹ ಇರಲಿ. ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರ ಬೇಡ, ಅದು ಬೇರೆಯವರದು.

ಕಳಿಸುವುದು, ಕಾಯುವುದು

ಮೊದಲು ಬರಹವನ್ನಲ್ಲ, ಪ್ರಸ್ತಾವ ಕಳಿಸಿ. ಪುರವಣಿಯ ಮೇಲ್ ವಿಳಾಸ ಪುಟದಲ್ಲೇ ಅಚ್ಚಾಗಿರುತ್ತದೆ. 120ರಿಂದ 150 ಪದ ಮೀರಬೇಡಿ:

"ಮಾನ್ಯರೇ, ಹಾಸನ ತಾಲ್ಲೂಕಿನಲ್ಲಿ ಆಲೂಗೆಡ್ಡೆ ಬೆಳೆಯುತ್ತಿದ್ದ ಹೊಲಗಳು ಮುಸುಕಿನ ಜೋಳಕ್ಕೆ ಹೊರಳಿರುವ ಬಗ್ಗೆ 600 ಪದಗಳ ನುಡಿಚಿತ್ರ ಬರೆಯಬೇಕೆಂದಿದ್ದೇನೆ. ಬೆಳೆ ಬಿಟ್ಟ ಮೂವರು, ಬಿಡದ ಇಬ್ಬರು ರೈತರು, ಒಬ್ಬ ವರ್ತಕರು ಮತ್ತು ಕೃಷಿ ವಿಜ್ಞಾನಿಯೊಬ್ಬರ ಜೊತೆ ಮಾತಾಡಿದ್ದೇನೆ. ಇಲಾಖೆಯ ಐದು ವರ್ಷದ ಬಿತ್ತನೆ ಪ್ರದೇಶದ ಅಂಕಿಅಂಶ ಇದೆ. ಬಿತ್ತನೆ ಗೆಡ್ಡೆ ಮಾರಾಟ ಮೇ ತಿಂಗಳಲ್ಲಿ ನಡೆಯುವುದರಿಂದ ಆ ತಿಂಗಳಿಗೆ ಹೊಂದುತ್ತದೆ. ನಾನೇ ತೆಗೆದ ಮೂರು ಚಿತ್ರಗಳಿವೆ. ಒಪ್ಪಿಗೆಯಾದರೆ ಏಳು ದಿನದಲ್ಲಿ ಕಳಿಸುತ್ತೇನೆ. ಪದಮಿತಿ ಮತ್ತು ಸಂಭಾವನೆಯ ಬಗ್ಗೆ ತಿಳಿಸಲು ಕೋರುತ್ತೇನೆ."

ಒಂದೇ ಬರಹವನ್ನು ಒಂದೇ ಸಲ ಎರಡು ಪತ್ರಿಕೆಗೆ ಕಳಿಸಬೇಡಿ. ಎರಡರಲ್ಲೂ ಅಚ್ಚಾದರೆ ಎರಡೂ ಕಡೆ ಹೆಸರು ಕೆಡುತ್ತದೆ. 15 ದಿನ ಕಾದು ಒಮ್ಮೆ ನೆನಪಿಸಿ. ಮತ್ತೆ ಒಂದು ವಾರ ಉತ್ತರವಿಲ್ಲದಿದ್ದರೆ "ಹಿಂಪಡೆಯುತ್ತಿದ್ದೇನೆ" ಎಂದು ಬರೆದು, ಆಮೇಲೆ ಬೇರೆಡೆಗೆ ಕಳಿಸಿ. ಉತ್ತರ ಬರದಿರುವುದಕ್ಕೆ ಬರಹ ಕೆಟ್ಟದು ಎಂದೇ ಅರ್ಥವಲ್ಲ. ಅದೇ ವಿಷಯ ಹೋದ ತಿಂಗಳು ಬಂದಿರಬಹುದು, ಜಾಹೀರಾತು ಪುಟ ನುಂಗಿರಬಹುದು.

ದುಡ್ಡು ಮತ್ತು ಹಕ್ಕು

ಕನ್ನಡ ಪತ್ರಿಕೆಗಳ ಸಂಭಾವನೆ ಚಿಕ್ಕದು, ಕೆಲವೆಡೆ ಇಲ್ಲವೇ ಇಲ್ಲ. ಬರೆಯುವ ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. ಮೊದಲ ಎರಡು ವರ್ಷ ಇದರಿಂದಲೇ ಮನೆ ನಡೆಯುತ್ತದೆ ಎಂದು ಕೈಲಿರುವ ಕೆಲಸ ಬಿಡಬೇಡಿ. ಅನುವಾದ, ಕರಡು ತಿದ್ದುವುದು, ಆಕಾಶವಾಣಿಯ ಭಾಷಣ, ಸಂಸ್ಥೆಗಳ ವರದಿ ಬರೆದುಕೊಡುವುದು, ಇವು ಜೊತೆಗಿದ್ದರೆ ಉಸಿರಾಡಬಹುದು. ಒಂದು ಪುಸ್ತಕದಲ್ಲಿ ಬರಹದ ಹೆಸರು, ಕಳಿಸಿದ ದಿನ, ಅಚ್ಚಾದ ದಿನ, ಒಪ್ಪಿದ ಮೊತ್ತ, ಬಂದ ಮೊತ್ತ, ಓಡಾಟದ ಖರ್ಚು ಬರೆದಿಡಿ. ಬಸ್ ಚಾರ್ಜು ಸೇರಿಸಿ ನೋಡಿದಾಗ ಯಾವ ಬರಹ ನಷ್ಟ, ಯಾವುದು ಲಾಭ ಎಂದು ಆರು ತಿಂಗಳಲ್ಲಿ ತಿಳಿಯುತ್ತದೆ. ಪ್ಯಾನ್ ಸಂಖ್ಯೆಯನ್ನು ಬಿಲ್ಲಿನ ಜೊತೆ ಕೊಡಿ. ಒಂದೇ ಸಂಸ್ಥೆಯಿಂದ ವರ್ಷದ ಪಾವತಿ ಮಿತಿ ದಾಟಿದರೆ ಶೇ 10 ತೆರಿಗೆ ಮುರಿಯುತ್ತಾರೆ, ಪ್ಯಾನ್ ಇಲ್ಲದಿದ್ದರೆ ಶೇ 20. ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು.

ಪತ್ರಿಕೆಯ ನೌಕರರಲ್ಲದವರು ಬರೆದದ್ದರ ಹಕ್ಕು, ಬರವಣಿಗೆಯಲ್ಲಿ ಬಿಟ್ಟುಕೊಡದ ಹೊರತು, ಬರೆದವರದ್ದೇ. 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುವುದು ಇದನ್ನೇ. ಆದ್ದರಿಂದ ಸಹಿ ಮಾಡುವ ಕಾಗದದಲ್ಲಿ "ಸಂಪೂರ್ಣ ಹಕ್ಕು" ಎಂದಿದೆಯೇ ನೋಡಿ. ಮುಂದೆ ಪುಸ್ತಕ ಮಾಡುವಾಗ ಇದು ಬೇಕಾಗುತ್ತದೆ.

ಹಣ ಕೊಟ್ಟು ಪ್ರೆಸ್ ಕಾರ್ಡ್ ಕೊಳ್ಳಬೇಡಿ. ವರದಿಗಾರರನ್ನಾಗಿ ಮಾಡುತ್ತೇವೆ, ಇಷ್ಟು ಠೇವಣಿ ಕಟ್ಟಿ ಎನ್ನುವವರು ಮಾರುತ್ತಿರುವುದು ಗುರುತಿನ ಚೀಟಿಯನ್ನು, ಕೆಲಸವನ್ನಲ್ಲ. ಯಾರ ಬಗ್ಗೆ ಬರೆಯುತ್ತೀರೋ ಅವರಿಂದ ಜಾಹೀರಾತು ಕೇಳಬೇಡಿ. ಸುದ್ದಿಗೋಷ್ಠಿಯಲ್ಲಿ ದುಡ್ಡಿನ ಕವರ್ ಕೈಗೆ ಬಂದರೆ ಅಲ್ಲೇ, ಆಗಲೇ ಹಿಂದಿರುಗಿಸಿ. ಊರು ಚಿಕ್ಕದು, ಯಾರು ತೆಗೆದುಕೊಂಡರು ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ.

ದಾಟಬಾರದ ಗೆರೆಗಳು

ಅತ್ಯಾಚಾರಕ್ಕೊಳಗಾದವರ ಗುರುತು ತಿಳಿಯುವಂಥ ಏನನ್ನೂ ಬರೆಯುವಂತಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಪೋಕ್ಸೊ ಕಾಯ್ದೆಯ ಕಲಂ 23, ಕಾನೂನಿನ ಸಂಘರ್ಷಕ್ಕೊಳಗಾದ (ಅಂದರೆ ಅಪರಾಧದ ಆರೋಪ ಹೊತ್ತ) ಮಕ್ಕಳ ವಿಷಯದಲ್ಲಿ ಬಾಲನ್ಯಾಯ ಕಾಯ್ದೆಯ ಕಲಂ 74 ಇದನ್ನು ಕಟ್ಟುನಿಟ್ಟಾಗಿ ಹೇಳುತ್ತವೆ. ಹೆಸರು ಬಿಟ್ಟರೆ ಸಾಲದು. ಚಿಕ್ಕ ಊರಿನಲ್ಲಿ ಶಾಲೆಯ ಹೆಸರು, ತಂದೆಯ ಕೆಲಸ, ಬೀದಿ ಹೇಳಿದರೂ ಮಗು ಯಾರೆಂದು ತಿಳಿದುಹೋಗುತ್ತದೆ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಲ್ಲಿದೆ. ಅಲ್ಲಿ ಸತ್ಯವಾಗಿದ್ದರೆ ಸಾಲದು, ಅದನ್ನು ಹೇಳುವುದರಲ್ಲಿ ಸಾರ್ವಜನಿಕ ಹಿತವೂ ಇರಬೇಕು. ನೋಟ್‌ಬುಕ್ಕು, ರೆಕಾರ್ಡಿಂಗು, ದಾಖಲೆಗಳನ್ನು ಕನಿಷ್ಠ ಮೂರು ವರ್ಷ ದಿನಾಂಕ ಹಾಕಿ ಇಟ್ಟುಕೊಳ್ಳಿ.

ಅಚ್ಚಾದ ಮೇಲೆ

ಪತ್ರಿಕೆಯ ಪುಟವನ್ನೂ ಆನ್‌ಲೈನ್ ಪ್ರತಿಯನ್ನೂ ಉಳಿಸಿಕೊಳ್ಳಿ, ಮುಂದಿನ ಪ್ರಸ್ತಾವಕ್ಕೆ ಅದೇ ನಿಮ್ಮ ಪರಿಚಯ ಪತ್ರ. ಮಾತಾಡಿದ ಪ್ರತಿಯೊಬ್ಬರಿಗೂ ಒಂದು ಪ್ರತಿ ಮುಟ್ಟಿಸಿ. ತಪ್ಪಿದೆ ಎಂದು ಯಾರಾದರೂ ಹೇಳಿದರೆ ವಾದಕ್ಕಿಳಿಯದೆ ಟಿಪ್ಪಣಿ ನೋಡಿ. ತಪ್ಪು ನಿಮ್ಮದೇ ಆಗಿದ್ದರೆ ಅಂದೇ ಡೆಸ್ಕಿಗೆ ತಿದ್ದುಪಡಿ ಕಳಿಸಿ, ಯಾವ ಪ್ಯಾರಾ, ಏನು ಅಚ್ಚಾಗಿದೆ, ಏನಾಗಬೇಕಿತ್ತು ಎಂದು ಮೂರು ಸಾಲಿನಲ್ಲಿ. ಪ್ರತಿ ಕೊಡಲು ಹೋದಾಗ ಜಗಲಿಯ ಮೇಲೆ ಐದು ನಿಮಿಷ ಕೂತು, ಆವತ್ತಿನಿಂದ ಏನೇನಾಯಿತು ಎಂದು ಕೇಳಿ, ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆದುಕೊಳ್ಳಿ.